ನಾಲ್ಕು ಗಂಟೆಗೆ ಫ್ಯುನರಲ್

ನಮ್ಮ ಕಟ್ಟಡದ ಎರಡನೇ ಮಹಡಿಯ ಬಾಯಮ್ಮ ತೀರಿಕೊಂಡ ದಿನ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದೇ ಸಾಲಿನ ಸುದ್ದಿ ಬಂತು: ಇಂದು ಸಂಜೆ ನಾಲ್ಕು ಗಂಟೆಗೆ ಫ್ಯುನರಲ್. ಅವರು ಮಂಗಳೂರು ಕಡೆಯ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಹಿಂದಿ, ನನ್ನೊಡನೆ ಮಾತ್ರ ಕನ್ನಡ. ನಾನು ಅರ್ಧ ದಿನ ರಜೆ ಹಾಕಿ, ಒಂದು ಹೂವಿನ ಹಾರ ಕೊಂಡು, ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಸಿಮೆಟ್ರಿಯ ಗೇಟಿನಲ್ಲಿದ್ದೆ.

ಅಲ್ಲಿ ಯಾರೂ ಇರಲಿಲ್ಲ. ಆಗಷ್ಟೇ ತೋಡಿದ ಗುಂಡಿ, ಪಕ್ಕದಲ್ಲಿ ಕೆಂಪು ಮಣ್ಣಿನ ಗುಡ್ಡೆ, ಅದರ ಮೇಲೆ ಅಡ್ಡ ಮಲಗಿಸಿದ ಎರಡು ಸನಿಕೆ. ಗುಂಡಿ ತೋಡಿದವನು ಗೋಡೆಗೊರಗಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ‘ಅಭೀ ಮಾಸ್ ಚಾಲೂ ಹೈ, ಚರ್ಚ್ ಮೇ. ಇಧರ್ ಪಾಂಚ್ ಕೇ ಬಾದ್’ ಅಂದ. ಚರ್ಚ್ ಅಲ್ಲಿಂದ ಸುಮಾರು ದೂರ. ದಾರಿಯಲ್ಲಿ ಟ್ರಾಫಿಕ್. ನಾನು ಅಲ್ಲೇ ಕೂತೆ. ಬಾಯಮ್ಮನ ಮಗ ತಾಯಿಯ ಬಗ್ಗೆ ಆಡಿದ ನಾಲ್ಕು ಮಾತು, ಮೊಮ್ಮಗಳು ಹಾಡಿದ ಕೊಂಕಣಿ ಹಾಡು ಎರಡೂ ನನಗೆ ತಪ್ಪಿದವು.

ಫ್ಯುನರಲ್ ಅಂದರೆ ಹೂಳುವುದು ಅಂದುಕೊಂಡಿದ್ದೆ. ಆ ಮನೆಯವರಿಗೆ ಫ್ಯುನರಲ್ ಅಂದರೆ ಮನೆಯಿಂದ ಹೊರಟು, ಇಗರ್ಜಿಯಲ್ಲಿ ಪೂಜೆ ಮುಗಿಸಿ, ಸಿಮೆಟ್ರಿಯಲ್ಲಿ ಮಣ್ಣು ಹಾಕುವ ತನಕದ ಇಡೀ ಕಾರ್ಯ. ನಾಲ್ಕು ಗಂಟೆ ಅನ್ನುವುದು ಅದರ ಆರಂಭದ ಹೊತ್ತು. ಮುಂಬಯಿಯಲ್ಲಿ ವಾರಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಬೀಳುವ ಈ ಪದವನ್ನು ನಾವು ಎಷ್ಟು ಸಡಿಲವಾಗಿ ಬಳಸುತ್ತೇವೆ ಎಂಬುದು ಅವತ್ತು ನನ್ನ ಅರಿವಿಗೆ ಬಂತು.

ಫ್ಯುನರಲ್‌ನ ಬೇರು ಲ್ಯಾಟಿನ್ನಿನ ‘ಫೂನುಸ್’. ಸಾವು, ಶವ, ಶವದ ಮೆರವಣಿಗೆ, ಶವದ ಸಂಸ್ಕಾರ ಎಲ್ಲಕ್ಕೂ ಆ ಭಾಷೆಯಲ್ಲಿ ಅದೊಂದೇ ಪದ. ಇಂಗ್ಲಿಷಿಗೂ ಆ ವಿಸ್ತಾರವೇ ಬಂದಿದೆ. ಸತ್ತವರನ್ನು ಬೀಳ್ಕೊಡುವ ವಿಧಿ ಯಾವುದಿದ್ದರೂ ಅದು ಫ್ಯುನರಲ್. ಸುಡುವುದೋ ಹೂಳುವುದೋ ಎಂಬುದನ್ನು ಅದು ಹೇಳುವುದಿಲ್ಲ. ಹೂಳುವುದಕ್ಕೆ ಇರುವ ಪದ ಬರಿಯಲ್. ನಮ್ಮಲ್ಲಿ ಬರೆದಂತೆಯೇ ‘ಬರಿಯಲ್’ ಅನ್ನುತ್ತೇವೆ, ಇಂಗ್ಲಿಷರ ಬಾಯಲ್ಲಿ ಅದು ‘ಬೆರಿಯಲ್’. ಸುಡುವುದಕ್ಕೆ ಕ್ರಿಮೇಷನ್. ಹೂಳುವುದಕ್ಕೇ ತುಸು ಗಂಭೀರವಾದ ಮತ್ತೊಂದು ಪದ ಇಂಟರ್‌ಮೆಂಟ್. ಅದರ ನಡುವೆ ಒಂದು ‘ನ’ಕಾರ ಹೆಚ್ಚಾಗಿ ಇಂಟರ್ನ್‌ಮೆಂಟ್ ಆಯಿತೋ, ಅರ್ಥ ಸೆರೆವಾಸಕ್ಕೆ ತಿರುಗುತ್ತದೆ. ಮರಣದ ಜಾಹೀರಾತು ಕೊಡುವವರು ಆ ಒಂದು ಅಕ್ಷರವನ್ನು ಎರಡು ಸಲ ನೋಡಬೇಕು.

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ, ದೊಡ್ಡವರು ಸತ್ತಾಗ ಬರೆಯುವ ವರದಿಗಳಲ್ಲಿ ಇನ್ನೂ ಒಂದು ಪದ ಸಿಗುತ್ತದೆ: ಆಬ್ಸಿಕ್ವೀಸ್. ಅದು ಸಾಮಾನ್ಯವಾಗಿ ಬಹುವಚನ. ನಾವು ‘ಉತ್ತರಕ್ರಿಯಾದಿಗಳು’ ಅಂದ ಹಾಗೆ, ಒಂದರ ಹಿಂದೊಂದು ನಡೆಯುವ ಹಲವು ವಿಧಿಗಳನ್ನು ಅದು ಒಟ್ಟಿಗೆ ಹೇಳುತ್ತದೆ. ಲ್ಯಾಟಿನ್ನಿನ ಎರಡು ಪದಗಳು ಕಾಲಾಂತರದಲ್ಲಿ ಬೆರೆತು ಇದು ಹುಟ್ಟಿದೆ. ಒಂದರ ಅರ್ಥ ಶವದ ಹಿಂದೆ ಹೋಗುವ ಮೆರವಣಿಗೆ, ಇನ್ನೊಂದರ ಅರ್ಥ ನಿಷ್ಠೆಯ ಸೇವೆ. ಎರಡರ ಒಳಗೂ ಇರುವ ಧಾತು ಒಂದೇ, ಹಿಂಬಾಲಿಸು. ಈ ಪದವನ್ನು ಯಾರೂ ಮಾತಿನಲ್ಲಿ ಬಳಸುವುದಿಲ್ಲ, ಬಳಸಬೇಕಾಗಿಯೂ ಇಲ್ಲ. ಆದರೆ ಅದರ ಬೇರು ನನಗೆ ಬಹಳ ಬೇಕಾದದ್ದು, ಯಾಕೆಂದು ಮುಂದೆ ಹೇಳುತ್ತೇನೆ.

ಪತ್ರಿಕೆಗಳಲ್ಲಿ ದಿನಾ ಕಾಣುವ ‘ಲಾಸ್ಟ್ ರೈಟ್ಸ್’ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಅಂತ್ಯಕ್ರಿಯೆಗೆ ಪರ್ಯಾಯ. ಕಥೋಲಿಕರಿಗೆ ಅದು ಸಾವಿಗಿಂತ ಮೊದಲಿನ ಸಂಗತಿ. ಮರಣಶಯ್ಯೆಯಲ್ಲಿರುವವರ ಬಳಿ ಪಾದ್ರಿ ಬಂದು ಪಾಪನಿವೇದನೆ ಕೇಳಿ, ಹಣೆಗೆ ಕೈಗೆ ಪವಿತ್ರ ತೈಲ ಹಚ್ಚಿ, ಪರಮಪ್ರಸಾದ ಕೊಡುವ ವಿಧಿಗಳಿಗೆ ಆ ಹೆಸರು. ‘ಅಮ್ಮನಿಗೆ ಲಾಸ್ಟ್ ರೈಟ್ಸ್ ಆಯಿತು’ ಎಂದು ಕಥೋಲಿಕ ಗೆಳೆಯ ಹೇಳಿದರೆ ಅಮ್ಮ ಇನ್ನೂ ಉಸಿರಾಡುತ್ತಿರಬಹುದು. ಅಂಥ ಹೊತ್ತಿನಲ್ಲಿ ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಮರುಸಂದೇಶ ಹೋದರೆ ಆ ಮನೆಯವರಿಗೆ ಹೇಗಾಗಬೇಕು, ಯೋಚಿಸಿ.

ಫ್ಯುನರಲ್ ಎಂಬ ಒಂದು ಪದದೊಳಗೆ ಏನೆಲ್ಲ ಅಡಗಿದೆ ಎಂದು ನೋಡಬೇಕಾದರೆ ಮರೀನ್ ಲೈನ್ಸ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿಯಬೇಕು. ಹಳೆಯ ಮುಂಬಯಿಗರು ಆ ಜಾಗವನ್ನು ಸೋನಾಪುರ ಎನ್ನುತ್ತಿದ್ದರು. ಅಲ್ಲಿ ಚಂದನವಾಡಿಯ ಸ್ಮಶಾನ, ಅದರ ನೆರೆಯಲ್ಲೇ ಮುಸ್ಲಿಮರ ಬಡಾ ಕಬ್ರಸ್ತಾನ. ಹತ್ತೊಂಬತ್ತನೇ ಶತಮಾನದಲ್ಲಿ ಹಿಂದೂಗಳ ಸ್ಮಶಾನವನ್ನು ಅಲ್ಲಿಂದ ಎತ್ತಿ ದೂರದ ಶಿವಡಿಗೆ ಸಾಗಿಸುವ ಮಾತು ಬಂದಾಗ ಊರಿನ ಮುಖಂಡ ಜಗನ್ನಾಥ ಶಂಕರಶೇಟ್ ಅದಕ್ಕೆ ಅಡ್ಡನಿಂತರು. ಹೆಗಲ ಮೇಲೆ ಹೊತ್ತು ನಡೆದೇ ಹೋಗಬೇಕಿದ್ದ ಕಾಲದಲ್ಲಿ ಸ್ಮಶಾನ ಎಷ್ಟು ದೂರ ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ.

ಶಿವಡಿಯಲ್ಲಿ ಕ್ರೈಸ್ತರ ಸಿಮೆಟ್ರಿ ಆಯಿತು. 1865ರಲ್ಲಿ, ಆರ್ಥರ್ ಕ್ರಾಫರ್ಡ್ ಮುನಿಸಿಪಲ್ ಕಮಿಷನರ್ ಆಗಿದ್ದಾಗ, ಅದಕ್ಕೆ ಜಾಗ ಗೊತ್ತಾಯಿತು. ವಿಕ್ಟೋರಿಯಾ ಟರ್ಮಿನಸ್ ಕಟ್ಟಿದ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ಮಲಗಿರುವುದು ಅಲ್ಲಿ. 2004ರಲ್ಲಿ ತೀರಿಕೊಂಡ ಕವಿ ಡಾಮ್ ಮೊರೇಸ್ ಕೂಡ ಅಲ್ಲಿಯೇ. ಸಿಮೆಟ್ರಿ ಎಂಬ ಪದದ ಗ್ರೀಕ್ ಮೂಲದ ಅರ್ಥ ‘ಮಲಗುವ ಮನೆ’. ನಮ್ಮ ‘ಶ್ಮಶಾನ’ಕ್ಕೆ ಯಾಸ್ಕ ತನ್ನ ನಿರುಕ್ತದಲ್ಲಿ ಕೊಡುವ ವಿವರಣೆಯೂ ಅದೇ, ಶರೀರದ ಶಯನದ ಜಾಗ. ಒಂದು ಕಡೆ ಹೂಳುವವರು, ಇನ್ನೊಂದು ಕಡೆ ಸುಡುವವರು. ಇಬ್ಬರಿಗೂ ಕಂಡದ್ದು ನಿದ್ದೆ.

ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಸುಡುವುದೂ ಇಲ್ಲ, ಹೂಳುವುದೂ ಇಲ್ಲ. ಬೆಂಕಿ, ಮಣ್ಣು, ನೀರು ಮೂರೂ ಪವಿತ್ರ, ಶವದಿಂದ ಅವು ಮೈಲಿಗೆಯಾಗಬಾರದು ಎಂಬುದು ಪಾರ್ಸಿಗಳ ನಂಬಿಕೆ. ಹದಿನೇಳನೇ ಶತಮಾನದಿಂದಲೂ ಅಲ್ಲಿ ಶವವನ್ನು ದಖ್ಮಾ ಎಂಬ ಗೋಪುರದೊಳಗೆ ಬಿಸಿಲಿಗೂ ರಣಹದ್ದುಗಳಿಗೂ ಒಪ್ಪಿಸುತ್ತ ಬಂದಿದ್ದಾರೆ. ‘ಟವರ್ ಆಫ್ ಸೈಲೆನ್ಸ್’ ಎಂಬ ಹೆಸರು ಪಾರ್ಸಿಗಳು ಇಟ್ಟದ್ದಲ್ಲ. 1832ರ ಸುಮಾರಿಗೆ ಬ್ರಿಟಿಷ್ ಸರ್ಕಾರದ ಭಾಷಾಂತರಕಾರನಾಗಿದ್ದ ರಾಬರ್ಟ್ ಮರ್ಫಿ ಅದನ್ನು ಹುಟ್ಟುಹಾಕಿದ ಎನ್ನುತ್ತಾರೆ. ಪಾರ್ಸಿಗಳದೇ ಪದಗಳು ಬೇರೆ. ಶವದ ಹಿಂದಿನ ನಡಿಗೆಗೆ ಪಾಯ್‌ದಸ್ತ್, ಮೂರನೆಯ ದಿನದ ಕಾರ್ಯಕ್ಕೆ ಉಠಮ್ಣಾ. ಪಾಯ್‌ದಸ್ತ್‌ನಲ್ಲಿ ಬಿಳಿ ಬಟ್ಟೆ ತೊಟ್ಟವರು ಇಬ್ಬಿಬ್ಬರಾಗಿ, ನಡುವೆ ಒಂದು ಬಿಳಿ ಕರವಸ್ತ್ರದ ಎರಡು ತುದಿ ಹಿಡಿದುಕೊಂಡು ನಡೆಯುತ್ತಾರೆ. ಯಾರೂ ಒಂಟಿಯಾಗಿ ನಡೆಯುವಂತಿಲ್ಲ. ಆದರೆ ಶವ ತಿನ್ನಬೇಕಾದ ರಣಹದ್ದುಗಳ ಸಂತತಿಯೇ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಔಷಧಿಯಿಂದ ಅಳಿಯುತ್ತ ಬಂತು. 2006ರಲ್ಲಿ ಪಶುಚಿಕಿತ್ಸೆಗೆ ಆ ಔಷಧಿಯ ಬಳಕೆ ನಿಷೇಧವಾದರೂ ರಣಹದ್ದುಗಳು ಹಿಂದಿನಂತೆ ಮರಳಲಿಲ್ಲ. 2015ರಲ್ಲಿ ವರಳಿ ಸ್ಮಶಾನದಲ್ಲಿ, ಶವ ಸುಡಬಯಸುವ ಪಾರ್ಸಿಗಳಿಗೂ ಅನುಕೂಲವಾಗಲೆಂದು ಪ್ರಾರ್ಥನಾ ಮಂದಿರವೊಂದು ತೆರೆಯಿತು. ಇಷ್ಟೆಲ್ಲವನ್ನೂ ಇಂಗ್ಲಿಷ್ ಪತ್ರಿಕೆ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ: ಫ್ಯುನರಲ್.

ಈ ಊರಿನ ಮಾತಿನಲ್ಲಿ ಮತ್ತೊಂದು ಪದವಿದೆ, ಮಯತ್. ಅರಬ್ಬಿಯ ‘ಮಯ್ಯಿತ್’ ಅಂದರೆ ಸತ್ತವನು. ಮುಸ್ಲಿಮರ ಪದವೆಂದು ಯಾರೂ ಅದನ್ನು ಆಚೆ ಇಟ್ಟಿಲ್ಲ. ಲಾಲ್‌ಬಾಗಿನ ಮರಾಠಿ ಹಿಂದೂ ಕೂಡ ‘ಮಯತಾಲಾ ಗೇಲೋ ಹೋತೋ’ ಅನ್ನುತ್ತಾನೆ. ವಿಜಯಪುರ, ಬೆಳಗಾವಿ ಕಡೆಯ ಹಳೆಯ ಕಾಗದಪತ್ರಗಳ ಕನ್ನಡದಲ್ಲೂ ‘ಮಯತ’ ಉಂಟು. ಸಾವಿನ ಮಾತು ಜಾತಿ ಧರ್ಮಗಳ ಬೇಲಿ ದಾಟಿ ಓಡಾಡುತ್ತದೆ.

ಇನ್ನು ನಮ್ಮ ಕನ್ನಡ. ಮುಂಬಯಿಯ ಕನ್ನಡ ಪತ್ರಿಕೆಯ ನಿಧನವಾರ್ತೆಯ ಪುಟ ತೆರೆದರೆ ಫ್ಯುನರಲ್‌ಗೆ ಎಷ್ಟು ಪದ! ಅಂತ್ಯಕ್ರಿಯೆ ಎಲ್ಲರಿಗೂ ಸಲ್ಲುತ್ತದೆ. ದಫನ ಅಂದರೆ ಹೂಳುವುದು, ದಹನ ಅಂದರೆ ಸುಡುವುದು. ಅಂತ್ಯೇಷ್ಟಿ ಅಂದರೆ ಕಡೆಯ ಇಷ್ಟಿ, ಬಾಳಿನ ಕೊನೆಯ ಯಜ್ಞ. ಅಲ್ಲಿ ದೇಹವೇ ಆಹುತಿ. ಲಿಂಗಾಯತರಲ್ಲಿ ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತಾರೆ. ವಿಭೂತಿ, ಬಿಲ್ವಪತ್ರೆಗಳ ನಡುವೆ ಕೂತ ಭಂಗಿಯಲ್ಲಿ ಕ್ರಿಯಾಸಮಾಧಿ, ಅದಾದ ಮೇಲೆ ಶಿವಗಣಾರಾಧನೆ. ಮಂಡ್ಯ, ಮೈಸೂರು ಕಡೆಯವರಿಗೆ ಹಾಲುತುಪ್ಪ, ತಿಥಿ. ತುಳುವರಿಗೆ ಬೊಜ್ಜ. ವೈಷ್ಣವರಿಗೆ ವೈಕುಂಠ ಸಮಾರಾಧನೆ.

ಇವುಗಳಲ್ಲಿ ಅರ್ಧದಷ್ಟು ಪದಗಳು ಫ್ಯುನರಲ್ ಅಲ್ಲವೇ ಅಲ್ಲ ಎಂಬುದನ್ನು ಗಮನಿಸಬೇಕು. ಫ್ಯುನರಲ್ ಮುಗಿಯುವುದು ಚಿತೆಯ ಬಳಿ ಅಥವಾ ಗುಂಡಿಯ ಬಳಿ. ಬೊಜ್ಜ, ತಿಥಿ, ಸಮಾರಾಧನೆ, ಉತ್ತರಕ್ರಿಯೆ ಇವೆಲ್ಲ ಅಲ್ಲಿಂದ ಮುಂದೆ, ಹನ್ನೊಂದು ಹದಿಮೂರು ದಿನಗಳ ತನಕ ನಡೆಯುವಂಥವು. ಮರಾಠಿಗರ ದಹಾವಾ, ತೇರಾವಾ ಕೂಡ ಹಾಗೆಯೇ. ವಾಳಕೇಶ್ವರದ ಬಾಣಗಂಗೆಯ ಮೆಟ್ಟಿಲ ಮೇಲೆ ಬೆಳಗ್ಗೆ ತಲೆ ಬೋಳಿಸಿಕೊಂಡು ಪಿಂಡ ಇಡುತ್ತಿರುವವರನ್ನು ತೋರಿಸಿ ‘ಅಲ್ಲಿ ಫ್ಯುನರಲ್ ನಡೆದಿದೆ’ ಅಂದರೆ ತಪ್ಪಾಗುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ‘ಅಜ್ಜನ ಬೊಜ್ಜ’ವನ್ನು ಸ್ನೇಹಿತರಿಗೆ ಹೇಳುವಾಗ ‘ಗ್ರ್ಯಾಂಡ್‌ಪಾಸ್ ಫ್ಯುನರಲ್’ ಅನ್ನುತ್ತಾರೆ. ಕೇಳಿದವರು ಅಜ್ಜ ನಿನ್ನೆ ಮೊನ್ನೆ ಹೋದರು ಎಂದು ತಿಳಿಯುತ್ತಾರೆ.

ಸಂಸ್ಕಾರ ಎಂಬ ಪದದ ಕತೆಯಂತೂ ದೊಡ್ಡದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಕತೆ ಪೂರ್ತಿ ನಿಂತಿರುವುದು ಒಂದು ಶವದ ಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಯ ಮೇಲೆ. ಎ. ಕೆ. ರಾಮಾನುಜನ್ ಅದನ್ನು 1976ರಲ್ಲಿ ಇಂಗ್ಲಿಷಿಗೆ ತಂದಾಗ ಹೆಸರನ್ನು ‘ಸಂಸ್ಕಾರ’ ಎಂದೇ ಉಳಿಸಿ, ಸತ್ತವನೊಬ್ಬನಿಗೆ ಸಲ್ಲಿಸುವ ವಿಧಿ ಎಂಬರ್ಥದ ಉಪಶೀರ್ಷಿಕೆಯನ್ನು ಕೆಳಗಿಟ್ಟರು. ತಿದ್ದುವುದು, ಶುದ್ಧಗೊಳಿಸುವುದು, ನಡತೆ, ಹುಟ್ಟಿನಿಂದ ಸಾವಿನವರೆಗಿನ ವಿಧಿಗಳು ಇಷ್ಟೂ ಒಂದೇ ಪದದಲ್ಲಿ ಕೂಡಿರುವಾಗ ಫ್ಯುನರಲ್ ಅದಕ್ಕೆ ಎಟಕುವುದಿಲ್ಲ. ಮಂಡ್ಯದ ಹಳ್ಳಿಯಲ್ಲಿ ನಡೆಯುವ ‘ತಿಥಿ’ ಸಿನಿಮಾ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವಕ್ಕೆ ಹೋಗಿ ಪ್ರಶಸ್ತಿ ಪಡೆದಾಗಲೂ ಅದು ‘ತಿಥಿ’ಯಾಗಿಯೇ ಹೋಯಿತು. ನಮ್ಮ ಎರಡು ಪದಗಳು ಅನುವಾದವಾಗದೆ ಲೋಕ ಸುತ್ತಿ ಬಂದಿವೆ. ನಾವೇ ಅವನ್ನು ಬಿಟ್ಟುಕೊಡುವ ಅಗತ್ಯವೇನಿದೆ?

ಹಾಗೆಂದು ಫ್ಯುನರಲ್ ಬೇಡವೆಂದು ನಾನು ಹೇಳುವುದಿಲ್ಲ. ಏನು ನಡೆಯುತ್ತದೆ ಎಂದು ಹೇಳದಿರುವುದೇ ಕೆಲವೊಮ್ಮೆ ಆ ಪದದ ದೊಡ್ಡ ಗುಣ. ಜಾರ್ಜ್ ಫರ್ನಾಂಡಿಸ್ ಅವರನ್ನು ನೆನೆಯಿರಿ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು 1949ರಲ್ಲಿ ಮುಂಬಯಿಗೆ ಬಂದವರು. ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು, ಮುಂದೆ ಕಾರ್ಮಿಕರ ನಾಯಕರಾಗಿ 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದವರು. 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರ ದೇಹವನ್ನು ಮೊದಲು ಸುಟ್ಟರು, ಆಮೇಲೆ ಆ ಬೂದಿಯನ್ನು ಕ್ರೈಸ್ತರ ಸಿಮೆಟ್ರಿಯಲ್ಲಿ ಹೂಳಿದರು. ಒಮ್ಮೆ ಸುಡಬೇಕೆಂದೂ ಕೊನೆಗಾಲದಲ್ಲಿ ಹೂಳಬೇಕೆಂದೂ ಅವರು ಹೇಳಿದ್ದರಂತೆ, ಎರಡೂ ನಡೆಯಿತು. ಅದು ಕ್ರಿಮೇಷನ್ನೋ ಬರಿಯಲ್ಲೋ ಎಂದು ಕೇಳಿದರೆ ಉತ್ತರ ಕಷ್ಟ. ಫ್ಯುನರಲ್ ಎಂದರೆ ಎರಡೂ ಬಂತು. ಕಥೋಲಿಕ ಸಭೆಯೂ ದೇಹ ಸುಡುವುದರ ಮೇಲಿದ್ದ ನಿಷೇಧವನ್ನು 1963ರಲ್ಲೇ ಸಡಿಲಿಸಿದೆ. ಬೂದಿಯನ್ನು ಚೆಲ್ಲದೆ ಪವಿತ್ರ ಜಾಗದಲ್ಲಿ ಇಡಬೇಕು ಎಂದು 2016ರಲ್ಲಿ ವ್ಯಾಟಿಕನ್ ಮತ್ತೆ ನೆನಪಿಸಿತು. ಜಾಗದ ಅಭಾವದ ಮುಂಬಯಿಯಲ್ಲಿ ಇವೆಲ್ಲ ದೂರದ ವಿಷಯಗಳಲ್ಲ.

ಹೂಳುವುದು, ಸುಡುವುದು ಎಂಬ ಪದಗಳು ಎಷ್ಟು ಆಳಕ್ಕೆ ಇಳಿದಿವೆ ಎಂಬುದು 2020ರಲ್ಲಿ ಗೊತ್ತಾಯಿತು. ಮಾರ್ಚ್ 30ರಂದು ಮುಂಬಯಿ ಮಹಾನಗರಪಾಲಿಕೆ, ಕೋವಿಡ್‌ನಿಂದ ಸತ್ತವರು ಯಾವ ಧರ್ಮದವರಾದರೂ ಸುಡಲೇಬೇಕೆಂದು ಸುತ್ತೋಲೆ ಹೊರಡಿಸಿ, ಅದೇ ದಿನ ಬದಲಿಸಿಕೊಂಡಿತು. ಬಾಂದ್ರಾದ ಕಬ್ರಸ್ತಾನದ ನೆರೆಯ ಕೆಲವರು ಅಲ್ಲಿ ಹೂಳಬಾರದೆಂದು ಹೈಕೋರ್ಟಿಗೆ ಹೋದರು. ಮೇ 22ರಂದು ಬಾಂಬೆ ಹೈಕೋರ್ಟ್ ಆ ಕೋರಿಕೆಯನ್ನು ತಳ್ಳಿಹಾಕಿತು. ಮರ್ಯಾದೆಯಿಂದ ಮಣ್ಣಾಗುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದಿತು. ಆ ದಿನಗಳಲ್ಲಿ ನಮ್ಮನ್ನು ಹೆಚ್ಚು ಸುಟ್ಟದ್ದು ಬೇರೆ ಸಂಗತಿ. ಶವ ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಹೋಗುತ್ತಿತ್ತು. ಹಿಂದೆ ಹೋಗುವವರು ಇರಲಿಲ್ಲ.

ಆಬ್ಸಿಕ್ವೀಸ್‌ನ ಬೇರು ನನಗೆ ಬೇಕೆಂದದ್ದು ಇದಕ್ಕೆ. ಹಿಂಬಾಲಿಸು, ಜೊತೆ ಹೋಗು. ನನ್ನ ಊರು ಗದಗ ಕಡೆ. ನಮ್ಮಲ್ಲಿ ಫ್ಯುನರಲ್‌ಗೆ ಹೋಗುವುದಕ್ಕೆ ‘ಮಣ್ಣಿಗೆ ಹೋಗೂದು’ ಅಂತೀವಿ. ಸುಡುವವರ ಮನೆಯದಾದರೂ ಮಾತು ಅದೇ. ಮದುವೆ ತಪ್ಪಿದರೂ ನಡೀತದ, ಮಣ್ಣು ತಪ್ಪಬಾರದು ಅಂತ ಅವ್ವ ಹೇಳುತ್ತಿದ್ದಳು. ಮುಂಬಯಿಗೆ ಬಂದ ಮೇಲೆ ಗೊತ್ತಾಯಿತು, ಹಳ್ಳಿಯ ಮರಾಠಿಗರೂ ‘ಮಾತೀಲಾ ಜಾಣೆ’ ಅನ್ನುತ್ತಾರೆ. ಇಲ್ಲಿನ ಮುಸ್ಲಿಮರು ‘ಮಿಟ್ಟೀ ದೇನಾ’ ಅನ್ನುತ್ತಾರೆ. ಮೂರು ಭಾಷೆ, ಒಂದೇ ಮಣ್ಣು, ಒಂದೇ ನಡಿಗೆ. 1920ರ ಆಗಸ್ಟ್ 1ರಂದು ಸರದಾರ್ ಗೃಹದಲ್ಲಿ ತೀರಿಕೊಂಡ ಲೋಕಮಾನ್ಯ ತಿಲಕರನ್ನು ಸ್ಮಶಾನದ ಬದಲು ಗಿರಗಾಂವ್ ಚೌಪಾಟಿಯ ಮರಳಿಗೆ ಕರೆತಂದದ್ದೂ, 1956ರ ಡಿಸೆಂಬರ್ 7ರಂದು ಬಾಬಾಸಾಹೇಬ್ ಅಂಬೇಡ್ಕರರ ಚಿತೆ ದಾದರ್‌ನ ಕಡಲ ದಂಡೆಯಲ್ಲಿ ಉರಿದದ್ದೂ ಹಿಂದೆ ಜನಸಾಗರವೇ ನಡೆದ ದಿನಗಳ ಮಾತು. ಇಂದಿಗೂ ಬಾಬಾಸಾಹೇಬರು ತೀರಿಕೊಂಡ ದಿನವಾದ ಡಿಸೆಂಬರ್ 6ಕ್ಕೆ, ಆ ಚಿತೆ ಉರಿದಲ್ಲಿನ ಚೈತ್ಯಭೂಮಿಗೆ ಪ್ರತಿ ವರ್ಷ ಲಕ್ಷಾಂತರ ಜನ ಬರುತ್ತಾರೆ. ಆ ಹಿಂಬಾಲಿಕೆ ಇನ್ನೂ ಮುಗಿದಿಲ್ಲ.

ಆದ್ದರಿಂದ ಸಾವಿನ ಸುದ್ದಿ ಬರೆಯುವವರಲ್ಲಿ ನನ್ನದೊಂದು ವಿನಂತಿ. ಜನ ಜೊತೆಗೆ ಬರಲಿ ಎಂದೇ ಅಲ್ಲವೇ ಆ ಸುದ್ದಿ? ‘ಫ್ಯುನರಲ್ ನಾಲ್ಕಕ್ಕೆ’ ಎಂದಷ್ಟೇ ಬರೆದು ಬಿಡಬೇಡಿ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ, ಪೂಜೆ ಅಥವಾ ನಮಾಜ್ ಎಲ್ಲಿ, ದಹನವೋ ದಫನವೋ, ಯಾವ ಸ್ಮಶಾನ, ಬೇರೆ ಧರ್ಮದವರು ಎಲ್ಲಿಯವರೆಗೆ ಬರಬಹುದು ಎಂಬ ನಾಲ್ಕು ಸಾಲು ಸೇರಿಸಿ. ಹನ್ನೊಂದನೇ ದಿನದ ಕಾರ್ಯಕ್ಕೆ ಅದರದೇ ಹೆಸರು ಬರೆಯಿರಿ, ಬೊಜ್ಜವನ್ನು ಬೊಜ್ಜ ಎಂದೇ, ತಿಥಿಯನ್ನು ತಿಥಿ ಎಂದೇ. ವಿರಾರಿನಿಂದಲೋ ಕಲ್ಯಾಣದಿಂದಲೋ ಎರಡು ಲೋಕಲ್ ಬದಲಿಸಿ ಬರುವವರಿಗೆ ಸರಿಯಾದ ಪದವೇ ದಾರಿ ತೋರಬೇಕು.

ಅವತ್ತು ಐದೂಕಾಲಿಗೆ ಬಾಯಮ್ಮನ ಪೆಟ್ಟಿಗೆ ಸಿಮೆಟ್ರಿಗೆ ಬಂತು. ಪಾದ್ರಿಗಳ ಪ್ರಾರ್ಥನೆ ಮುಗಿದು ಪೆಟ್ಟಿಗೆ ಕೆಳಗಿಳಿದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು ಒಂದು ಹಿಡಿ ಮಣ್ಣು ಹಾಕಿದರು. ನಾನು ಹಿಂದೆ ನಿಂತಿದ್ದೆ. ಬಾಯಮ್ಮನ ಮಗ ನನ್ನನ್ನು ನೋಡಿ, ತಾನೇ ಬಗ್ಗಿ ಗುಡ್ಡೆಯಿಂದ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದ. ಮಧ್ಯಾಹ್ನವಷ್ಟೇ ಅಗೆದ ಮಣ್ಣು, ಇನ್ನೂ ತಂಪಾಗಿತ್ತು.